ಬುಧವಾರಕ್ಕೆ ನಾಲ್ಕೇ ನಾಲ್ಕು ಕಾಮಿಕ್ಸ್

ಅಮೆರಿಕದಲ್ಲಿ ಹೊಸ ಕಾಮಿಕ್ಸ್ ಬರುವುದು ಬುಧವಾರ. ಬ್ಯಾಟ್‌ಮ್ಯಾನ್ ಕಾಮಿಕ್ಸ್ ತರುವ ಡಿಸಿ ಕಂಪನಿ 2020ರಲ್ಲಿ ಮಂಗಳವಾರಕ್ಕೆ ಹೋಯಿತು, 2024ರಲ್ಲಿ ಬುಧವಾರಕ್ಕೇ ವಾಪಸ್ ಬಂತು. ಬಂದಿದ್ದು ಒಳ್ಳೆಯದಾಯಿತು. ವಾರಕ್ಕೆ ಎರಡು ಸಲ ಕಾಮಿಕ್ಸ್ ಅಂಗಡಿಗೆ ಹೋದರೆ ಮನೆಯಲ್ಲಿ ಯಾರು ಉತ್ತರ ಕೊಡುವುದು?

ನಾನಿರುವುದು ಓಹಾಯೋದ ಕೊಲಂಬಸ್‌ನಲ್ಲಿ, ಹುಟ್ಟಿದ್ದು ದಾವಣಗೆರೆಯಲ್ಲಿ. ಸುಧಾ, ತರಂಗ ಬಂದ ದಿನ ಯಾರು ಮೊದಲು ಓದಬೇಕು ಅಂತ ಅಕ್ಕನ ಜೊತೆ ಕಿತ್ತಾಡಿಕೊಂಡು ಬೆಳೆದವನು. ವಾರವಿಡೀ ಕಾಯುವ ಆ ಚಟ ಇನ್ನೂ ಹೋಗಿಲ್ಲ. ಮೊನ್ನೆ ಗೆಳೆಯನ ಮಗ ಕೇಳಿದ, "ಅಂಕಲ್, ಅಂಗಡಿಯಲ್ಲಿ ಗೋಡೆ ತುಂಬ ಪುಸ್ತಕ ಇದೆ. ಯಾವುದು ತಗೊಳ್ಳೋದು?" ಅವನಿಗೆ ಹೇಳಿದ್ದು ಇದು.

ಮೊದಲು ದುಡ್ಡಿನ ಮಾತು. ಒಂದು ಸಂಚಿಕೆಗೆ ಹೆಚ್ಚುಕಡಿಮೆ 4ರಿಂದ 5 ಡಾಲರ್. ಒಳಗಿರುವ ಕಥೆ ಇಪ್ಪತ್ತು ಚಿಲ್ಲರೆ ಪುಟ. ಕಾಫಿ ಆರುವುದರೊಳಗೆ ಮುಗಿದುಹೋಗುತ್ತದೆ. ಅದಕ್ಕೇ ವಾರಕ್ಕೆ ನಾಲ್ಕು ಅಂತ ಗೆರೆ ಹಾಕಿಕೊಳ್ಳಿ. ಐದನೆಯದು ಬೇಕೇ ಬೇಕು ಅನ್ನಿಸಿದರೆ ಕೈಯಲ್ಲಿರುವ ಒಂದನ್ನು ವಾಪಸ್ ಇಡಿ. ಯಾವುದನ್ನು ಇಡಬೇಕು ಅಂತ ಅಲ್ಲೇ ನಿಂತು ಯೋಚಿಸುವಾಗ ನಿಮ್ಮ ರುಚಿ ನಿಮಗೇ ಗೊತ್ತಾಗುತ್ತದೆ.

ಎರಡನೆಯದು, ಹೀರೋ ನೋಡಿ ಕೊಳ್ಳಬೇಡಿ. ಬರೆದವರು ಯಾರು, ಚಿತ್ರ ಬಿಡಿಸಿದವರು ಯಾರು ಅಂತ ನೋಡಿ. ಬ್ಯಾಟ್‌ಮ್ಯಾನ್ ಹೆಸರಿನ ಪುಸ್ತಕಗಳು ಸದಾ ಹತ್ತಾರು ಇರುತ್ತವೆ, ಎಲ್ಲವೂ ಒಂದೇ ಅಲ್ಲ. 2024ರ ಅಕ್ಟೋಬರ್‌ನಲ್ಲಿ ಸ್ಕಾಟ್ ಸ್ನೈಡರ್ ಮತ್ತು ನಿಕ್ ಡ್ರಗೋಟ ಶುರು ಮಾಡಿದ 'ಅಬ್ಸಲ್ಯೂಟ್ ಬ್ಯಾಟ್‌ಮ್ಯಾನ್'ನಲ್ಲಿ ಬ್ಯಾಟ್‌ಮ್ಯಾನ್ ಆಗುವ ಬ್ರೂಸ್ ವೇನ್ ಬಳಿ ಎಂದಿನ ಕೋಟಿಗಟ್ಟಲೆ ಆಸ್ತಿಯೂ ಇಲ್ಲ, ಬಂಗಲೆಯೂ ಇಲ್ಲ. ಜೊನಾಥನ್ ಹಿಕ್‌ಮನ್, ಮಾರ್ಕೊ ಕೆಕೆಟ್ಟೊ 2024ರ ಜನವರಿಯಲ್ಲಿ ಆರಂಭಿಸಿದ 'ಅಲ್ಟಿಮೇಟ್ ಸ್ಪೈಡರ್ ಮ್ಯಾನ್'ನಲ್ಲಿ ಪೀಟರ್ ಪಾರ್ಕರ್‌ಗೆ ಮದುವೆಯಾಗಿ ಎರಡು ಮಕ್ಕಳಿದ್ದಾರೆ. ಜೇಡದ ಶಕ್ತಿ ಬಂದು ಅವನು ಸ್ಪೈಡರ್ ಮ್ಯಾನ್ ಆಗುವುದು ಆಮೇಲೆ! ಮಕ್ಕಳನ್ನು ಮಲಗಿಸಿ ಓದುವ ನನ್ನಂಥವರಿಗೆ ಇದು ಬೇರೆ ಥರವೇ ತಟ್ಟುತ್ತದೆ.

ಪುಲ್ ಲಿಸ್ಟ್ ಮಾತ್ರ ಮರೆಯಬೇಡಿ. ನಿಮಗೆ ಬೇಕಾದ ಸರಣಿಗಳ ಹೆಸರು ಅಂಗಡಿಯವರಿಗೆ ಬರೆಸಿದರೆ ಪ್ರತಿ ಸಂಚಿಕೆ ಎತ್ತಿಡುತ್ತಾರೆ. ಅಂಗಡಿಯವರು ಸಾಮಾನ್ಯವಾಗಿ ಸುಮಾರು ಮೂರು ವಾರ ಮೊದಲೇ ಎಷ್ಟು ಪ್ರತಿ ಬೇಕು ಅಂತ ಖಾತ್ರಿ ಮಾಡಬೇಕು, ಉಳಿದಿದ್ದನ್ನು ಹೆಚ್ಚಾಗಿ ವಾಪಸ್ ಕೊಡುವ ಹಾಗಿಲ್ಲ. ಆದ್ದರಿಂದ ಹಿಡಿತದಲ್ಲೇ ತರಿಸುತ್ತಾರೆ. ಬುಧವಾರ ಸಂಜೆ ಸುಮ್ನೆ ಹೋಗಿ "ಖಾಲಿನಾ?" ಅಂತ ಮುಖ ಬಾಡಿಸಿಕೊಂಡು ಬಂದವನು ನಾನೇ.

ಇನ್ನು ವೇರಿಯಂಟ್ ಕವರ್. ಒಳಗೆ ಅದೇ ಕಥೆ, ಹೊದಿಕೆಯ ಚಿತ್ರ ಮಾತ್ರ ಬೇರೆ. ಒಮ್ಮೆ ಒಂದೇ ಮೊದಲ ಸಂಚಿಕೆಯನ್ನು ಆರು ಕವರ್‌ನಲ್ಲಿ ಕೊಂಡೆ, ಮುಂದೆ ಬೆಲೆ ಬರುತ್ತದೆ ಅಂತ. ಬರಲಿಲ್ಲ. ಆರೂ ಈಗ ಮಂಚದ ಕೆಳಗಿನ ಡಬ್ಬಿಯಲ್ಲಿವೆ. ಕಸ ಗುಡಿಸುವಾಗಲೆಲ್ಲ ನನ್ನವಳು ಅದಕ್ಕೆ ಪೊರಕೆ ತಾಗಿಸಿಯೇ ಮುಂದೆ ಹೋಗುತ್ತಾಳೆ.

ಓದುವ ಕ್ರಮಕ್ಕೆ ಬರೋಣ, ಇದೇ ಮುಖ್ಯ. ಎರಡು ಸಲ ಓದಿ. ಮೊದಲ ಸಲ ಕಥೆಗೆ. ಎರಡನೇ ಸಲ ಮಾತಿನ ಗುಳ್ಳೆಗಳನ್ನು ಬಿಟ್ಟು ಬರೀ ಚಿತ್ರ. 2025ರಲ್ಲಿ ಶುರುವಾದ 'ಅಬ್ಸಲ್ಯೂಟ್ ಮಾರ್ಷಿಯನ್ ಮ್ಯಾನ್‌ಹಂಟರ್' ತಗೊಳ್ಳಿ. ಬರೆದವರು ಡೆನಿಜ್ ಕ್ಯಾಂಪ್, ಚಿತ್ರ ಹಾವಿಯರ್ ರೊಡ್ರಿಗಸ್. ಎಫ್‌ಬಿಐನ ಜಾನ್ ಜೋನ್ಸ್ ಬಾಂಬ್ ಸ್ಫೋಟದಲ್ಲಿ ಬದುಕಿ ಉಳಿಯುತ್ತಾನೆ. ಆಮೇಲೆ ಜನರ ಮನಸ್ಸಿನಲ್ಲಿರುವುದು ಅವನಿಗೆ ಬಣ್ಣದ ಹೊಗೆಯಾಗಿ ಕಾಣತೊಡಗುತ್ತದೆ. ಮೊದಲ ಓದಿನಲ್ಲಿ ನಾನು ಆ ಹೊಗೆಯನ್ನು ಅಲಂಕಾರ ಅಂದುಕೊಂಡು ದಾಟಿಬಿಟ್ಟಿದ್ದೆ. ಎರಡನೇ ಸಲ ಬೆರಳಿಟ್ಟು ಹೊಗೆಯ ಹಿಂದೆಯೇ ಹೋದೆ. ಯಾರ ತಲೆಯಿಂದ ಹೊರಟಿತು, ಯಾರನ್ನು ಸುತ್ತಿತು ಅಂತ. ಅರ್ಧ ಕಥೆ ಅಲ್ಲೇ ಇತ್ತು. ಮೊಬೈಲ್ ಪರದೆಯಲ್ಲಿ ಒಂದೊಂದೇ ಚೌಕ ನೋಡಿದರೆ ಇದು ಸಿಗುವುದಿಲ್ಲ. ಇಡೀ ಪುಟ ಕಣ್ಣ ಮುಂದಿರಬೇಕು.

ವೈಜ್ಞಾನಿಕ ಕಥೆ ಬೇಕು ಅನ್ನುವವರಿಗೆ ಬ್ರಯಾನ್ ಕೆ. ವಾನ್, ಫಿಯೋನಾ ಸ್ಟೇಪಲ್ಸ್ ಜೋಡಿಯ 'ಸಾಗಾ'. 2012ರಲ್ಲಿ ಶುರುವಾಗಿದ್ದು. 54ನೇ ಸಂಚಿಕೆ ಆದಮೇಲೆ 2018ರಲ್ಲಿ ನಿಂತು, 2022ರ ಜನವರಿಯಲ್ಲಿ ಮತ್ತೆ ಬಂತು. ಅಷ್ಟು ವರ್ಷ ಕಾಯಲು ಆಗಲ್ಲ ಅಂದರೆ ಬಿಡಿ ಸಂಚಿಕೆಗಳನ್ನು ಒಟ್ಟು ಸೇರಿಸಿದ ಟ್ರೇಡ್ ಕೊಳ್ಳಿ. ನಮ್ಮಮ್ಮ ಸುಧಾದ ಧಾರಾವಾಹಿ ಪುಟಗಳನ್ನು ಕಿತ್ತು, ದಬ್ಬಳದಲ್ಲಿ ಹೊಲಿದು, ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿ ಇಡುತ್ತಿದ್ದರಲ್ಲ, ಅದೇ ಇದು.

ವಾರದ ನೆಚ್ಚಿನದು ಯಾವುದು ಅಂತ ಬುಧವಾರ ರಾತ್ರಿಯೇ ತೀರ್ಮಾನ ಮಾಡಬೇಡಿ. ನಿದ್ದೆಗಣ್ಣಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ನಾಲ್ಕನ್ನೂ ಊಟದ ಮೇಜಿನ ಮೇಲೆ ಬಿಡಿ. ಶುಕ್ರವಾರದ ಹೊತ್ತಿಗೆ ಯಾವುದನ್ನು ಮತ್ತೆ ತೆರೆದಿರುತ್ತೀರೋ ಅದಕ್ಕೇ ಮೊದಲ ಸ್ಥಾನ. ಈ ವಾರ ನನ್ನದು ಯಾವುದು ಅಂತ ಹೇಳಬಹುದಿತ್ತು. ಅದು ಮೇಜಿನ ಮೇಲಿಲ್ಲ, ಮಗಳ ಶಾಲೆ ಚೀಲದಲ್ಲಿದೆ.