‘ಇದೇನು?’ ಅನ್ನಬೇಡಿ, ‘ಇಲ್ನೋಡು’ ಅನ್ನಿ

ಮಾತು ತಡವಾಗಿರುವ ಮಗುವಿನ ಮುಂದೆ ಚಿತ್ರಪುಸ್ತಕ ತೆರೆದರೆ ಸಾಕು, ನಮಗೆಲ್ಲ ಬಾಯಿಗೆ ಬರುವುದು ಒಂದೇ ಮಾತು. ‘ಇದೇನು? ಇದೇನು ಹೇಳು?’ ಗೊತ್ತಿದ್ದರೆ ಮಗು ಹೇಳುತ್ತದೆ. ಗೊತ್ತಿಲ್ಲದಿದ್ದರೆ ಮುಖ ತಿರುಗಿಸುತ್ತದೆ. ನಾಲ್ಕು ದಿನ ಹೀಗೇ ಆದರೆ ಪುಸ್ತಕ ಕಂಡ ಕೂಡಲೇ ಎದ್ದು ಓಡುತ್ತದೆ. ಪರೀಕ್ಷೆ ಯಾರಿಗೆ ಇಷ್ಟ, ಅಲ್ವಾ? ಸ್ಪೀಚ್ ಥೆರಪಿಯಲ್ಲಿ ನಾವು ಪುಸ್ತಕ ಬಳಸುವುದು ಮಗುವಿನ ಜೊತೆ ಮಾತಾಡುವುದಕ್ಕೆ. ಥೆರಪಿ ವಾರಕ್ಕೆ ಒಂದೋ ಎರಡೋ ದಿನ ಇರುತ್ತದೆ. ಉಳಿದ ದಿನ ಈ ಕೆಲಸ ಮನೆಯಲ್ಲೇ ಆಗಬೇಕು. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಕಿವಿ ಪರೀಕ್ಷೆ ಮಾಡಿಸಿ. ‘ಕರೆದರೆ ತಿರುಗಿ ನೋಡ್ತಾನೆ’ ಅನ್ನುವುದು ಸಾಲದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಚಿಕ್ಕ ಕೂಸಿನ ಕಿವಿಯನ್ನೂ ಪರೀಕ್ಷಿಸುತ್ತಾರೆ.

ಯಾವ ಪುಸ್ತಕ?

ಪುಟಕ್ಕೊಂದೇ ದೊಡ್ಡ ಚಿತ್ರ ಇರಲಿ. ಮಗು ದಿನಾ ನೋಡುವ ಬೆಕ್ಕು, ಆಟೋ, ಚಪ್ಪಲಿ, ಬಾಳೆಹಣ್ಣು ಇದ್ದರೆ ಇನ್ನೂ ಒಳ್ಳೆಯದು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಮೊಬೈಲಿನಲ್ಲಿ ತೋರಿಸಬೇಡಿ, ಪ್ರಿಂಟ್ ತೆಗೆಸಿ. ಮೊಬೈಲ್ ಕೈಗೆ ಬಂದರೆ ಬೆರಳು ಪುಟ ಸರಿಸುವುದರಲ್ಲೇ ಇರುತ್ತದೆ. ದಿನಕ್ಕೊಂದು ಹೊಸ ಪುಸ್ತಕವೂ ಬೇಡ. ಒಂದನ್ನೇ ಎರಡು ವಾರ ಹಿಡಿಯಿರಿ. ನಮಗೆ ಬೇಜಾರಾಗಬಹುದು, ಮಗುವಿಗೆ ಆಗುವುದಿಲ್ಲ.

ಮಾತು ಕಲಿಸುವ ಬಗೆ

ನಿಮ್ಮ ಬಾಯಿ ಮಗುವಿಗೆ ಕಾಣುವ ಹಾಗೆ ಕೂರಿ. ಪುಟವನ್ನು ಮಗುವೇ ತಿರುವಲಿ. ‘ಇಲ್ನೋಡು, ಬೆಕ್ಕು’ ಅನ್ನಿ. ಆಮೇಲೆ ಸುಮ್ನೆ ಇರಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಈ ಸುಮ್ಮನಿರುವುದೇ ಅಪ್ಪ ಅಮ್ಮಂದಿರಿಗೆ ಜಾಸ್ತಿ ಕಷ್ಟ. ಆದರೆ ಮಗು ಬಾಯಿ ತೆರೆಯುವುದು ಆ ಬಿಡುವಿನಲ್ಲೇ.

ವಾರಕ್ಕೆ ಐದಾರು ಪದ ಸಾಕು. ಎಲ್ಲವೂ ವಸ್ತುಗಳ ಹೆಸರಾಗುವುದು ಬೇಡ. ‘ಬಿತ್ತು’, ‘ಹೋಯ್ತು’, ‘ಬಾ’, ‘ಕೊಡು’ ಇವೂ ಇರಲಿ. ನಮ್ಮ ಕನ್ನಡದಲ್ಲಿ ‘ಬಿತ್ತು’ ಅಂದರೆ ಅದೇ ಒಂದು ಪೂರ್ತಿ ವಾಕ್ಯ. ಒಂದೇ ಪದ ಆಡುವ ಮಗುವಿಗೆ ಇದರಿಂದ ಎಷ್ಟು ಅನುಕೂಲ ನೋಡಿ.

ಮಗು ‘ಬೌ ಬೌ’ ಅಂದರೆ ‘ಹೌದು, ನಾಯಿ. ನಾಯಿ ಓಡ್ತಿದೆ’ ಅನ್ನಿ. ಮಗು ಆಡಿದ್ದಕ್ಕೆ ಒಂದೆರಡು ಪದ ಸೇರಿಸಿ ಮರಳಿ ಕೊಡುವುದು, ಅಷ್ಟೇ. ‘ತುದುರೆ’ ಅಂದರೆ ‘ತುದುರೆ ಅಲ್ಲ, ಕುದುರೆ ಅನ್ನು’ ಎಂದು ತಿದ್ದಬೇಡಿ. ‘ಹೌದು, ಕುದುರೆ! ದೊಡ್ಡ ಕುದುರೆ’ ಅನ್ನಿ. ಸರಿಯಾದ ಪದ ಕಿವಿಗೆ ಬಿತ್ತು, ಮಗುವಿನ ಉತ್ಸಾಹವೂ ಉಳಿಯಿತು.

ಮಗು ಆಡಿದ್ದಕ್ಕೆ ಹೀಗೆ ಮಾತು ಸೇರಿಸುವುದು ಡಯಲಾಜಿಕ್ ರೀಡಿಂಗ್, ಅಂದರೆ ಮಗುವಿನ ಜೊತೆ ಮಾತಾಡುತ್ತ ಓದುವ ವಿಧಾನದ ಒಂದು ಭಾಗ. 1988ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಸುಮಾರು ಎರಡರಿಂದ ಮೂರು ವರ್ಷದೊಳಗಿನ ಮಕ್ಕಳ ಅಪ್ಪ ಅಮ್ಮಂದಿರಿಗೆ ಇದನ್ನು ಕಲಿಸಿ ನೋಡಿದರು. ಒಂದೇ ತಿಂಗಳಲ್ಲಿ ಆ ಮಕ್ಕಳ ಮಾತು, ಮಾಮೂಲಿಯಾಗಿ ಓದಿಸಿಕೊಂಡ ಮಕ್ಕಳಿಗಿಂತ ಮುಂದಿತ್ತು.

ಎಣಿಕೆ: ಇಲ್ಲಿ ಅವಸರ ಬೇಡ

ನನ್ನ ಹತ್ತಿರ ಬರುತ್ತಿದ್ದ ನಾಲ್ಕು ವರ್ಷದ ಹುಡುಗನೊಬ್ಬ ಒಂದರಿಂದ ಹತ್ತನ್ನು ಒಂದೇ ಉಸಿರಿಗೆ ಹೇಳುತ್ತಿದ್ದ. ಐದು ಮಾವಿನಹಣ್ಣಿನ ಪುಟ ತೆರೆದೆ. ಬಾಯಿ ‘ಹತ್ತು’ ತಲುಪಿದಾಗ ಬೆರಳು ಇನ್ನೂ ಮೂರನೇ ಹಣ್ಣಿನ ಮೇಲಿತ್ತು. ಅವನಿಗೆ ಬರುತ್ತಿದ್ದದ್ದು ಪದ್ಯ, ಎಣಿಕೆಯಲ್ಲ.

ಇಂಥ ಮಗುವಿಗೆ ಬಾಟಲಿ ಮುಚ್ಚಳ ಕೊಡಿ. ಒಂದೊಂದು ಹಣ್ಣಿನ ಮೇಲೆ ಒಂದೊಂದು ಮುಚ್ಚಳ, ಇಟ್ಟಾಗ ಒಂದೊಂದು ಪದ. ಬಾಯಿಗೆ ಹಾಕುವ ಮಗುವಾದರೆ ಮುಚ್ಚಳ, ಹುಣಸೆ ಬೀಜ ಏನೂ ಬೇಡ, ಅದರ ಬೆರಳನ್ನೇ ಹಿಡಿದು ಮುಟ್ಟಿಸಿ.

ಎಣಿಸಿದ ಮೇಲೆ ‘ಎಷ್ಟು?’ ಅಂದರೆ ಕೆಲವು ಮಕ್ಕಳು ಮತ್ತೆ ‘ಒಂದು, ಎರಡು…’ ಶುರು ಮಾಡುತ್ತಾರೆ. ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಅನ್ನುವುದು ಅವರಿಗಿನ್ನೂ ಹೊಳೆದಿಲ್ಲ. ಅದಕ್ಕೇ ನೀವೇ ಮೊದಲು ಹೇಳಿ: ‘ಮೂರು ಬಾತುಕೋಳಿ. ಒಂದು, ಎರಡು, ಮೂರು.’ ಎಣಿಸಿ ಮುಗಿದಾಗ ಮೂರರ ಸುತ್ತ ಬೆರಳಾಡಿಸಿ ‘ಮೂರು’ ಎಂದು ಎಳೆದು ಹೇಳಿ. ಇದು ಗಟ್ಟಿಯಾಗುವ ತನಕ ಮೂರು ದಾಟಬೇಡಿ. ತಿಂಗಳುಗಟ್ಟಲೆ ಆಗಬಹುದು, ಪರವಾಗಿಲ್ಲ. ಗಟ್ಟಿಯಾಗಿದೆಯಾ ಎಂದು ತಿಳಿಯಲು ‘ಬೆಕ್ಕಿಗೆ ಎರಡು ಮುಚ್ಚಳ ಕೊಡು’ ಅನ್ನಿ. ಕೈಗೆ ಸಿಕ್ಕಷ್ಟು ಕೊಟ್ಟರೆ ಇನ್ನೂ ಕೆಲಸ ಇದೆ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಕೋಳಿಯಾದರೆ ಒಂದು, ಎರಡು, ಮೂರು. ಮನುಷ್ಯರಾದರೆ ಒಬ್ಬ, ಇಬ್ಬರು, ಮೂವರು. ಎಣಿಕೆ ಒಂದೇ, ಪದ ಬೇರೆ. ಆದ್ದರಿಂದ ಹಣ್ಣು, ಪ್ರಾಣಿಗಳಿಂದ ಶುರು ಮಾಡಿ, ಜನರಿರುವ ಪುಟಕ್ಕೆ ಆಮೇಲೆ ಬನ್ನಿ. ಆಗಲೂ ‘ಇಬ್ಬರು’, ‘ಮೂರು ಜನ’ ಎಂದು ಮನೆಯಲ್ಲಿ ಆಡುವ ಹಾಗೇ ಆಡಿ. ಶಾಲೆಯಲ್ಲಿ ಒನ್, ಟೂ ಕಲಿಯುತ್ತಿದ್ದರೆ ಹೆದರಬೇಡಿ, ಎರಡು ಭಾಷೆಯಿಂದ ಮಾತು ಕೆಡುವುದಿಲ್ಲ. ಒಂದು ಪುಟದಲ್ಲಿ ಎರಡನ್ನೂ ಬೆರೆಸದಿದ್ದರೆ ಸಾಕು.

ದಿನಕ್ಕೆ ಹತ್ತು ನಿಮಿಷ ಸಾಕು. ಮಗು ಪುಸ್ತಕ ಮುಚ್ಚಿದರೆ ಅವತ್ತಿಗೆ ಮುಗಿಯಿತು. ಹೊಸದಾಗಿ ಆಡಿದ ಪದವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಥೆರಪಿಸ್ಟ್‌ಗೆ ತೋರಿಸಿ.

ಆ ಹುಡುಗನ ನೋಟ್‌ಬುಕ್ಕಿನಲ್ಲಿ ಆರನೇ ವಾರ ನಾನೇ ಒಂದು ಪದ ಬರೆದೆ. ಮೂರು ಬಾತುಕೋಳಿಯ ಪುಟ. ಎರಡು ಮುಚ್ಚಳ ಮಾತ್ರ ಕೊಟ್ಟಿದ್ದೆ. ಎರಡರ ಮೇಲೆ ಇಟ್ಟ. ಮೂರನೆಯದನ್ನು ನೋಡಿದ. ನನ್ನ ಮುಂದೆ ಕೈ ಚಾಚಿ ‘ಇನ್ನೊಂದು’ ಅಂದ.