ಓಟಿ ಬಾಗಿಲ ಹೊರಗಿನ ಅರ್ಧ ಗಂಟೆ

ನಾನು ಓಟಿ, ಅಂದರೆ ಆಪರೇಷನ್ ಥಿಯೇಟರ್ ನರ್ಸ್. ಮೊದಲು ಕೆಲಸಕ್ಕೆ ಸೇರಿದ ಆಸ್ಪತ್ರೆಯಲ್ಲಿ ಪೇಷಂಟ್‌ಗಳನ್ನು ಬೆಳಿಗ್ಗೆಯೇ ಕರೆತಂದು ಓಟಿ ಹೊರಗೆ ಟ್ರಾಲಿ ಮೇಲೆ ಮಲಗಿಸುತ್ತಿದ್ದೆವು. ಮೈಮೇಲೆ ತೆಳು ಹಸಿರು ಗೌನು, ಒಂದು ಬೆಡ್‌ಶೀಟು. ಅಷ್ಟೇ.

ಒಂದು ದಿನ ಸೊಂಟದ ಹತ್ತಿರ ಮೂಳೆ ಮುರಿದಿದ್ದ ಅಜ್ಜಿಯೊಬ್ಬರು ಹೀಗೇ ಕಾಯುತ್ತಿದ್ದರು. ಕೈ ಹಿಡಿದೆ, ಬೆರಳೆಲ್ಲ ತಣ್ಣಗೆ. "ಹೆದರಬೇಡಿ ಅಜ್ಜಿ" ಅಂದೆ. "ಹೆದರಿಕೆ ಅಲ್ಲ ಮಗಾ, ಚಳಿ" ಅಂದರು. ಆಪರೇಷನ್ ಮುಗಿದ ಮೇಲೆ ಅವರಿಗೆ ಬಂದ ನಡುಕಕ್ಕೆ ಟ್ರಾಲಿಯ ಕಂಬಿಗಳೇ ಸದ್ದು ಮಾಡುತ್ತಿದ್ದವು. ಬೆರಳು ಅಷ್ಟು ತಣ್ಣಗಿದ್ದುದರಿಂದ ಅದಕ್ಕೆ ಹಾಕಿದ ಕ್ಲಿಪ್ಪು ರಕ್ತದ ಆಕ್ಸಿಜನ್ ಎಷ್ಟಿದೆ ಅಂತ ತೋರಿಸಲೇ ಇಲ್ಲ. ಆ ದಿನದಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ.

ಏಸಿಯಿಂದ ಚಳಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಏಸಿಯದೂ ಪಾಲಿದೆ. ಆದರೆ ಮೊದಲ ಗಂಟೆಯಲ್ಲಿ ಜಾಸ್ತಿ ಕೆಲಸ ಮಾಡುವುದು ಅರಿವಳಿಕೆ. ಅದು ಕೈಕಾಲಿನ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಒಳಗಿನ ಬಿಸಿಯೆಲ್ಲ ತಣ್ಣಗಿರುವ ಕೈಕಾಲಿಗೆ ಹರಿಯುತ್ತದೆ. ಮೈಯೊಳಗಿನ ಬಿಸಿ ಒಂದರಿಂದ ಒಂದೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುವುದು ಮಾಮೂಲು. ಕೈಕಾಲು ಮೊದಲೇ ಬೆಚ್ಚಗಿದ್ದರೆ ಇಷ್ಟು ಇಳಿಯುವುದಿಲ್ಲ ಅಲ್ವಾ?

ಅದಕ್ಕೇ ಓಟಿ ಒಳಗಿದ್ದ, ಹೊದಿಕೆಯೊಳಗೆ ಬಿಸಿಗಾಳಿ ಊದುವ ವಾರ್ಮರನ್ನು ನಾನು ಹೊರಗೂ ತರತೊಡಗಿದೆ. ಒಳಗೆ ಕರೆಯುವ ಅರ್ಧ ಗಂಟೆ ಮೊದಲೇ ಅದರ ಹೊದಿಕೆ ಹೊದಿಸುತ್ತೇನೆ. ಮೈಬಿಸಿ 36 ಡಿಗ್ರಿಗಿಂತ ಕಡಿಮೆ ಇದ್ದರೆ ಅನಸ್ತೇಷಿಯಾ ಡಾಕ್ಟರಿಗೆ ಹೇಳುತ್ತೇನೆ. ತುರ್ತು ಇಲ್ಲದಿದ್ದರೆ ಕಾಯುತ್ತಾರೆ. ಮೈ ಮುಚ್ಚುವವರೆಗೆ ಓಟಿ 21 ಡಿಗ್ರಿಗಿಂತ ಕೆಳಗೆ ಹೋಗಬಾರದು. ಡ್ರಿಪ್ ಜಾಸ್ತಿ ಹೋಗುವುದಿದ್ದರೆ ಅದನ್ನೂ ವಾರ್ಮರ್ ಮೂಲಕ ಬಿಡಬೇಕು. ಬಿಸಿನೀರಿನ ಬಾಟಲಿ ಮಾತ್ರ ಬೇಡವೇ ಬೇಡ. ಬೆನ್ನಿಗೆ ಅರಿವಳಿಕೆಯ ಇಂಜೆಕ್ಷನ್ ಆದವರಿಗೆ ಕಾಲು ಸುಟ್ಟರೂ ಗೊತ್ತಾಗುವುದಿಲ್ಲ.

ಇದು ಸುಮ್ನೆ ಉಪಚಾರದ ಮಾತಲ್ಲ. 1996ರಲ್ಲಿ ದೊಡ್ಡಕರುಳಿನ ಆಪರೇಷನ್ ಆದ 200 ಜನರ ಮೇಲೆ ನಡೆದ ಅಧ್ಯಯನ ಒಂದಿದೆ. ಮೈ ತಣ್ಣಗಾಗಲು ಬಿಟ್ಟವರಲ್ಲಿ ನೂರಕ್ಕೆ 19 ಮಂದಿಗೆ ಗಾಯ ಕೀವಾಯಿತು, ಬೆಚ್ಚಗಿಟ್ಟವರಲ್ಲಿ 6 ಮಂದಿಗೆ.

ಇನ್ನು ಹೆದರಿಕೆ. ಓಟಿ ಬಾಗಿಲಲ್ಲಿ ತಾಳಿ ಬಿಚ್ಚಿ ಅಂದರೆ ಎಷ್ಟೋ ಹೆಂಗಸರು ಅತ್ತುಬಿಡುತ್ತಾರೆ. ಹಾಗಾಗಿ ಹಿಂದಿನ ದಿನವೇ ವಾರ್ಡಿಗೆ ಹೋಗಿ, ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕೂರಿಸಿಕೊಂಡು, "ಕತ್ತಿನಲ್ಲಿ ಲೋಹ ಇರಬಾರದಮ್ಮಾ, ಬದಲಿಗೆ ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿಕೊಂಡು ಬನ್ನಿ" ಅನ್ನುತ್ತೇನೆ. ಮುಖ ಅಲ್ಲೇ ತಿಳಿಯಾಗುತ್ತದೆ. ಕನ್ನಡಕ, ಕಿವಿಯ ಮಿಷನ್ನು ಕೊನೆಯವರೆಗೂ ಅವರ ಹತ್ತಿರವೇ ಇರಲಿ. ಕಾಣದೆ, ಕೇಳಿಸದೆ ಮಲಗಿದವರಿಗೆ ಧೈರ್ಯ ಹೇಳುವುದು ಹೇಗೆ? "ಬೆನ್ನಿಗೆ ಇಂಜೆಕ್ಷನ್ ಆದ ಮೇಲೆ ಕಾಲು ಬೆಚ್ಚಗಾಗಿ ಭಾರ ಆಗುತ್ತೆ, ಅದು ಸರಿಯಾಗಿ ಹಿಡಿದಿದೆ ಅಂತ ಅರ್ಥ" ಎಂದು ಮೊದಲೇ ಹೇಳಿಟ್ಟರೆ, ಕಾಲು ಭಾರವಾದಾಗ ಗಾಬರಿಯಾಗುವುದಿಲ್ಲ.

ಹೊರಡುವ ಮುಂಚೆ ಮನೆಯವರಿಗೆ ಇನ್ನೊಂದು ಮಾತು ಹೇಳುತ್ತೇನೆ: ಬೆಳಿಗ್ಗೆ ಒಂದು ಸ್ವೆಟರ್, ಒಂದು ಜೊತೆ ಕಾಲುಚೀಲ ಇಟ್ಟುಕೊಂಡಿರಿ.