ಕಾಡುಕೆಲಸದ ಕತ್ತಿ: ಆರಿಸುವುದು, ಮಸೆಯುವುದು

ಮಲೆನಾಡು, ಕರಾವಳಿಯಲ್ಲಿ ಕತ್ತಿ, ಬಯಲುಸೀಮೆಯಲ್ಲಿ ಮಚ್ಚು. ಬೆಟ್ಟದಲ್ಲಿ ದಾರಿ ಬಿಡಿಸಲು, ಬೇಲಿಗೆ ಗೂಟ ಕಡಿಯಲು, ಸೊಪ್ಪು ಸವರಲು, ಲಂಟಾನ ತೆಗೆಯಲು ಬೇಕಾದ ಹತಾರ ಇದೇ. ಕೊಳ್ಳುವವರು ಮೊದಲು ನೋಡುವುದು ಹೊಳಪು, ಉದ್ದ, ತೂಕ. ಅವೆಲ್ಲ ಆಮೇಲಿನ ಮಾತು. ಮೊದಲು ಕೇಳಬೇಕಾದ್ದು ಒಂದೇ: ಇದರ ಬಾಯನ್ನು, ಅಂದರೆ ಹರಿತದ ಅಂಚನ್ನು, ಅರ (ಲೋಹ ಉಜ್ಜುವ ಹತಾರ) ಕಚ್ಚುತ್ತದೆಯೇ? ಗಟ್ಟಿ ಮರ, ಬಿದಿರು ಕಡಿಯುವಾಗ ಅರ್ಧ ದಿನಕ್ಕೊಮ್ಮೆ ಬಾಯಿ ಕೊಡಬೇಕಾಗುತ್ತದೆ, ಅಂದರೆ ಮಸೆಯಬೇಕಾಗುತ್ತದೆ. ಒಂದು ಅರ, ಒಂದು ಕಲ್ಲಿನಲ್ಲಿ ಹತ್ತು ನಿಮಿಷದೊಳಗೆ ಹರಿತವಾಗದ ಕತ್ತಿ, ಎಷ್ಟೇ ಒಳ್ಳೆಯ ಉಕ್ಕಿನದ್ದಾಗಿರಲಿ, ಬೆಟ್ಟದಲ್ಲಿ ಬರೀ ಹೊರೆ.

ಹಾಗಾಗಿ ಕೊಳ್ಳಲು ಹೋಗುವಾಗ ಸವೆಯದ ಒಂದು ಚಪ್ಪಟೆ ಅರ ಕೈಯಲ್ಲಿರಲಿ. ಅಂಗಡಿಯವರನ್ನು ಕೇಳಿಕೊಂಡು, ಹಿಡಿಯ ಹತ್ತಿರದ ಬಾಯಿಯ ಮೇಲೆ ಒಮ್ಮೆ ಉಜ್ಜಿ ನೋಡಿ. ಗಾಜಿನ ಮೇಲೆ ಜಾರಿದಂತೆ ಜಾರಿದರೆ ಗಡಸು ಹೆಚ್ಚು. ಒಣಗಿದ ಮತ್ತಿ ಮರದ ಗಂಟಿಗೆ ತಾಗಿದ ದಿನ ಬಾಯಿಂದ ಹಲ್ಲು (ಚೂರು) ಹಾರುತ್ತದೆ. ತಡೆಯೇ ಇಲ್ಲದೆ ಆಳಕ್ಕೆ ಇಳಿದರೆ ಹದವೇ (ಉಕ್ಕನ್ನು ಕಾಯಿಸಿ, ಅದ್ದಿ ತರುವ ಗಡಸು) ಇಲ್ಲ. ಒಂದೇ ಏಟಿಗೆ ಬಾಯಿ ಮಡಚಿಕೊಳ್ಳುತ್ತದೆ. ಸ್ವಲ್ಪ ಎದುರು ಕೊಟ್ಟು, ಸಣ್ಣ ಪುಡಿ ಬಿಟ್ಟರೆ ಅದೇ ಸರಿಯಾದ ಹದ. ಅಳತೆಯಲ್ಲಿ ಹೇಳುವುದಾದರೆ, ಗಡಸು ಅಳೆಯುವ ರಾಕ್‌ವೆಲ್ ಸಿ ಮಾಪಕದಲ್ಲಿ 50ರಿಂದ 55ರ ನಡುವೆ. ಅಡುಗೆಮನೆಯ ಒಳ್ಳೆಯ ಚಾಕು ಇದಕ್ಕಿಂತ ಗಡಸಾಗಿರುತ್ತದೆ, ಆದರೆ ಅದು ಮರದ ಏಟು ತಿನ್ನಬೇಕಾಗಿಲ್ಲ.

ಕುಲುಮೆಯಲ್ಲಿ ಮಾಡಿಸುವುದೇ ಉತ್ತಮ. ಲಾರಿಯ ಹಳೆ ಕಮಾನು ಪಟ್ಟಿ (ಸ್ಪ್ರಿಂಗ್ ಪ್ಲೇಟು) ಒಳ್ಳೆಯ ಮಾಲು: ಅದರಲ್ಲಿ ಇಂಗಾಲ ಸುಮಾರು ಶೇ. 0.5ರಿಂದ 0.6, ಹದ ಹಿಡಿಯಲು ಸಾಕು, ಸಿಡಿಯುವಷ್ಟು ಹೆಚ್ಚೂ ಅಲ್ಲ. ಕಿಟಕಿ ಸರಳಿನ ಸಾದಾ ಕಬ್ಬಿಣವನ್ನು ಎಷ್ಟು ಕಾಯಿಸಿ ಅದ್ದಿದರೂ ಪ್ರಯೋಜನವಿಲ್ಲ. ಕಮ್ಮಾರರ ಹತ್ತಿರ ಸ್ಪಷ್ಟವಾಗಿ ಹೇಳಿ: ಹದ ಬಾಯಿಗಷ್ಟೇ ಸಾಕು, ಬೆನ್ನು ಮೆದುವಾಗಿರಲಿ. ಕೆಂಪಗೆ ಕಾದ ಉಕ್ಕಿಗೆ ಅಯಸ್ಕಾಂತ ಅಂಟದೆ ಹೋಗುವುದು ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ಒಂದಿಷ್ಟು ಮೇಲೇರಿಸಿ ಬಾಯಿಯ ಭಾಗವನ್ನು ಎಣ್ಣೆಗೆ ಇಳಿಸುತ್ತಾರೆ. ಆಮೇಲೆ ಮೆಲ್ಲಗೆ ಮತ್ತೆ ಕಾಯಿಸಿದಾಗ ಉಜ್ಜಿದ ಲೋಹದ ಮೇಲೆ ಒಣಹುಲ್ಲಿನ ಹಳದಿ, ಕಂದು, ನೇರಳೆ, ನೀಲಿ ಒಂದರ ಹಿಂದೊಂದು ಓಡಿ ಬರುತ್ತವೆ. ಬಾಯಿಯಲ್ಲಿ ಕಂದು ನೇರಳೆಗೆ ತಿರುಗುವ ಹೊತ್ತಿಗೆ ನಿಲ್ಲಿಸಿದರೆ ಕಾಡುಕೆಲಸದ ಹದ. ಈ ಎರಡನೇ ಕಾಯಿಸುವಿಕೆಯನ್ನು ಅವಸರದಲ್ಲಿ ಬಿಟ್ಟರೆ ಹೊಸ ಕತ್ತಿ ಮೊದಲ ವಾರದಲ್ಲೇ ಹಲ್ಲು ಬಿಡುತ್ತದೆ.

ಆಕಾರ ಕೆಲಸಕ್ಕೆ ತಕ್ಕಂತೆ. ತುದಿಯಲ್ಲಿ ಮೂಗು ಬಾಗಿದ ಮಲೆನಾಡಿನ ಕತ್ತಿ ಪೊದೆಗೆ ಹೇಳಿ ಮಾಡಿಸಿದ್ದು: ಬಾಗು ಬಳ್ಳಿಯನ್ನು ಎಳೆದು ಹಿಡಿಯುತ್ತದೆ, ತುದಿ ಕಲ್ಲಿಗೆ, ಮಣ್ಣಿಗೆ ತಾಗುವುದನ್ನೂ ತಪ್ಪಿಸುತ್ತದೆ. ಅಲಗು 10ರಿಂದ 12 ಇಂಚು, ಹಿಡಿಯ ಹತ್ತಿರ ಬೆನ್ನಿನ ದಪ್ಪ 5–6 ಮಿ.ಮೀ., ತುದಿಯ ಕಡೆ 3 ಮಿ.ಮೀ.ಗೆ ಇಳಿದಿರಲಿ, ಒಟ್ಟು ತೂಕ 600ರಿಂದ 800 ಗ್ರಾಂ. ಇದಕ್ಕಿಂತ ಭಾರವಾದದ್ದು ಮರ ಕಡಿಯಲು ಹಿತ, ಆದರೆ ಮಧ್ಯಾಹ್ನದ ಹೊತ್ತಿಗೆ ಮಣಿಕಟ್ಟು ಸೋತು ಏಟು ತಪ್ಪತೊಡಗುತ್ತದೆ, ಪೆಟ್ಟಾಗುವುದು ಆಗಲೇ. ಬರೀ ಹುಲ್ಲು, ಎಳೆ ಪೊದೆಯಾದರೆ 2 ಮಿ.ಮೀ. ದಪ್ಪದ ನೇರ ತೆಳು ಅಲಗು ಸಾಕು. ಕೊಡಗಿನ ಒಡಿಕತ್ತಿಯ ಅಗಲವಾದ ಅಲಗು ನೋಡಲು ಬಲು ಚೆಂದ. ಮದುವೆಯಲ್ಲಿ ಬಾಳೆ ಕಡಿಯುವ ಆ ಕತ್ತಿಯನ್ನು ಬೇಲಿಗೂಟಕ್ಕೆ ಹಾಕಬಾರದು.

ಕೊಳ್ಳುವ ಮುಂಚೆ ಬೆನ್ನಿನ ಗೆರೆಯುದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿ, ಡೊಂಕು ತಿಳಿಯುತ್ತದೆ. ಬೆರಳ ಗೆಣ್ಣಿನಿಂದ ಅಲಗಿಗೆ ತಟ್ಟಿ. ಸದ್ದು ಮಂಕಾಗಿದ್ದರೆ ಬಿರುಕಿನ ಅನುಮಾನವಿರಲಿ. ಅದಕ್ಕೊಂದು ಸುಲಭ ಪರೀಕ್ಷೆ: ಸೀಮೆಎಣ್ಣೆ ಹಚ್ಚಿ, ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿದ್ದರೆ ಒಳಗಿನ ಎಣ್ಣೆ ಜಿನುಗಿ ಬಿಳಿ ಪುಡಿಯ ಮೇಲೆ ಕೂದಲೆಳೆಯಂಥ ಗೆರೆ ಬರೆಯುತ್ತದೆ.

ಹಿಡಿಗೆ ಹುಣಸೆ, ಪೇರಲೆ, ಬೀಟೆಯಂಥ ಬಿಗಿ ಎಳೆಯ ಮರ. ಅಲಗಿನ ಬಾಲ ಹಿಡಿಯೊಳಗೆ ಮುಕ್ಕಾಲು ಭಾಗವಾದರೂ ಇಳಿದಿರಲಿ, ಅಲಗು ಒಳಹೋಗುವ ಹಿಡಿಯ ತುದಿಗೆ ಕಬ್ಬಿಣದ ಅಥವಾ ಹಿತ್ತಾಳೆಯ ಬಳೆ ಇರಲಿ. ವಾರ್ನಿಷ್ ಬಳಿದ ಹಿಡಿ ಬೆವರಿಗೆ ಜಾರುತ್ತದೆ. ಉಜ್ಜಿ ತೆಗೆದು ಎಣ್ಣೆ ಕುಡಿಸಿ.

ಇನ್ನು ಮಸೆಯುವುದು. ಬೇಕಾದ್ದು: 10 ಇಂಚಿನ ಚಪ್ಪಟೆ ಅರ, ಬಾಗಿನ ಒಳಮೈಗೆ ಒಂದು ಅರೆಗೋಲ ಅರ, ಎರಡು ಮೈಯ ಕಾರ್ಬೊರಂಡಮ್ ಕಲ್ಲು, ಹಳೆ ಚರ್ಮದ ಬೆಲ್ಟು, ಒಂದು ಕಪ್ಪು ಮಾರ್ಕರ್ ಪೆನ್ನು. ಅರಕ್ಕೆ ಮರದ ಹಿಡಿ ಕಡ್ಡಾಯ. ಬರಿಗೈಯಲ್ಲಿ ನೂಕುವಾಗ ಜಾರಿದರೆ ಅದರ ಚೂಪು ಬಾಲ ಅಂಗೈಗೇ ಇಳಿಯುತ್ತದೆ. ಕತ್ತಿ ಅಲುಗಬಾರದು. ವೈಸ್ ಇಲ್ಲದಿದ್ದರೆ ಮರದ ತುಂಡಿಗೆ ಗರಗಸದಲ್ಲಿ ಸೀಳು ಹಾಕಿ, ಬೆನ್ನನ್ನು ಅದರೊಳಗೆ ಕೂರಿಸಿ ಬೆಣೆ ಹೊಡೆಯಿರಿ.

ಬಾಯಿ ಬರೀ ಮಡಚಿದ್ದರೆ ಅರ ಮುಟ್ಟುವ ಮೊದಲು ನುಣುಪಾದ ಉಕ್ಕಿನ ಕಡ್ಡಿಯಿಂದ ಒತ್ತಿ ನೆಟ್ಟಗೆ ಮಾಡಿ. ಎಷ್ಟೋ ಸಲ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ, ಲೋಹವೂ ಉಳಿಯುತ್ತದೆ.

ಬಾಯಿಯ ಇಳಿಜಾರಿಗೆ ಮಾರ್ಕರ್ ಬಳಿದು ಎರಡು ಸಲ ಅರ ಓಡಿಸಿ. ಶಾಯಿ ಮೇಲ್ಭಾಗದಲ್ಲಷ್ಟೇ ಅಳಿಸಿ ತುದಿ ಅಂಚಿನಲ್ಲಿ ಉಳಿದರೆ ಅರ ತೀರಾ ಮಲಗಿದೆ. ಅಂಚಿನಲ್ಲಷ್ಟೇ ಅಳಿಸಿದರೆ ತೀರಾ ಎದ್ದಿದೆ. ಪ್ರತಿ ಮೈಗೆ 20ರಿಂದ 25 ಡಿಗ್ರಿ ಗುರಿ. ಕಲ್ಲಿನ ಮೇಲೆ ಮಲಗಿಸಿ ಮಸೆಯುವಾಗ, 50 ಮಿ.ಮೀ. ಅಗಲದ ಅಲಗಿನ ಬೆನ್ನನ್ನು 17 ಮಿ.ಮೀ. ಎತ್ತಿದರೆ 20 ಡಿಗ್ರಿ, 21 ಮಿ.ಮೀ. ಎತ್ತಿದರೆ 25. ಹಿಡಿಯ ಪಕ್ಕದ ಎರಡು ಇಂಚು ಗೂಟ ಚೂಪು ಮಾಡುವಂಥ ನಯದ ಕೆಲಸಕ್ಕೆ. ಅಲ್ಲಿ 20 ಇರಲಿ. ಏಟು ಬೀಳುವ ನಡುಭಾಗಕ್ಕೆ 25. ಇಡೀ ಬಾಯಿಗೆ ಒಂದೇ ಕೋನ ಎಂಬ ಹಟ ಬೇಡ.

ಅರ ಮುಂದೆ ನೂಕುವಾಗ ಮಾತ್ರ ಕತ್ತರಿಸುತ್ತದೆ. ಹಿಂದಕ್ಕೆ ತರುವಾಗ ಎತ್ತಿ. ಎಳೆದಾಡಿದರೆ ಅರದ ಹಲ್ಲೇ ಮೊಂಡಾಗುತ್ತದೆ. ಎಣ್ಣೆ ಹಚ್ಚಬೇಡಿ, ಸೀಮೆಸುಣ್ಣ ತೀಡಿಕೊಂಡರೆ ಪುಡಿ ಅಂಟುವುದಿಲ್ಲ. ಬೆನ್ನಿನ ಕಡೆಯಿಂದ ಬಾಯಿಯತ್ತ ನೂಕುವುದಕ್ಕಿಂತ ಬಾಯಿಯಿಂದ ಬೆನ್ನಿನತ್ತ ನೂಕಿದರೆ ಅಂಚು ಚೊಕ್ಕವಾಗಿ ಬರುತ್ತದೆ, ಆದರೆ ಕೈ ಹರಿತದ ಎದುರಿಗೇ ಇರುತ್ತದೆ; ದಪ್ಪ ಕೈಗವಸು ಹಾಕಿಕೊಂಡವರಿಗೆ ಮಾತ್ರ ಆ ರೀತಿ. ಕಿವಿಗೊಡಿ: ಒಂದೇ ಸಮನೆ ‘ಕರ್’ ಎಂದರೆ ಕೋನ ಕೂತಿದೆ, ಕೀಚಲು ಸದ್ದು ಬಂದರೆ ಅರ ಜಾರುತ್ತಿದೆ.

ಒಂದು ಮೈಗೆ ಹದಿನೈದಿಪ್ಪತ್ತು ಸಲ ಆದ ಮೇಲೆ ಎದುರು ಮೈಯಲ್ಲಿ ಹೆಬ್ಬೆರಳನ್ನು ಬೆನ್ನಿನಿಂದ ಹೊರಕ್ಕೆ, ಬಾಯಿಯ ಆಚೆಗೆ ಜಾರಿಸಿ. ಬಾಯಿಯುದ್ದಕ್ಕೆ ಎಂದೂ ಎಳೆಯಬೇಡಿ. ಉಗುರಿನ ಅಂಚು ಬಟ್ಟೆಗೆ ಸಿಕ್ಕಂತೆ ಒಂದು ತಡೆ ಚರ್ಮಕ್ಕೆ ಸಿಗಬೇಕು. ಅದು ಲೋಹ ಅಂಚಿನಾಚೆ ಮಡಚಿ ಎದ್ದ ಎಳೆ. ಹಿಡಿಯಿಂದ ಮೂಗಿನವರೆಗೂ ಎಲ್ಲೂ ಕಡಿಯದೆ ಸಿಕ್ಕಿದರೆ ಮಾತ್ರ ಮೈ ಬದಲಿಸಿ. ಸಿಗದ ಜಾಗದಲ್ಲಿ ಬಾಯಿ ಇನ್ನೂ ಬಂದಿಲ್ಲ. ಕತ್ತಿ ‘ಎಷ್ಟು ಮಸೆದರೂ ಹರಿತ ಬರುತ್ತಿಲ್ಲ’ ಎಂಬ ದೂರಿಗೆ ಬಹುಪಾಲು ಕಾರಣ, ಈ ಎಳೆ ಏಳುವ ಮೊದಲೇ ಮೈ ತಿರುಗಿಸುವುದು.

ಎರಡೂ ಮೈ ಆದ ಮೇಲೆ ನೀರು ಹಾಕಿದ ಕಲ್ಲಿನ ಒರಟು ಮೈ, ಆಮೇಲೆ ನಯ ಮೈ. ಒತ್ತಡ ಕಡಿಮೆ ಮಾಡುತ್ತಾ, ಕೊನೆಗೆ ಒಂದೊಂದು ಸಲಕ್ಕೆ ಮೈ ಬದಲಿಸುತ್ತಾ ಬನ್ನಿ. ಎದ್ದ ಎಳೆ ಸವೆದು ಹೋಗಬೇಕು, ಅಂಚಿನಲ್ಲಿ ಉಳಿದರೆ ಮೊದಲ ಏಟಿಗೇ ಮುರಿದು ಬಾಯಿ ಮೊಂಡಾಗುತ್ತದೆ. ಬಾಗಿನ ಒಳಮೈಗೆ ಚಪ್ಪಟೆ ಕಲ್ಲು ತಾಗುವುದಿಲ್ಲ. ಅಲ್ಲಿ ಅರೆಗೋಲ ಅರ, ಬಳಿಕ ದುಂಡು ಕೋಲಿಗೆ ಸುತ್ತಿದ 240ರ ಉಪ್ಪುಕಾಗದ. ಕೊನೆಗೆ ಬೆಲ್ಟಿನ ಒಳಮೈಗೆ ಹತ್ತು ಸಲ, ಬೆನ್ನು ಮುಂದೆ ಬಾಯಿ ಹಿಂದೆ. ಕನ್ನಡಿ ಹೊಳಪಿನ ನಯ ಬೇಡ. ಹಸಿ ಬಳ್ಳಿ, ನಾರಿನ ಮೇಲೆ ತುಸು ಒರಟು ಬಾಯಿಯೇ ಚೆನ್ನಾಗಿ ಕಚ್ಚುತ್ತದೆ.

ಬಾಯನ್ನು ಬೆಳಕಿಗೆ ಎದುರಾಗಿ ಹಿಡಿದು ನೋಡಿ. ಹರಿತ ಅಂಚು ಕಾಣುವುದಿಲ್ಲ. ಎಲ್ಲಿ ಬಿಳಿ ಗೆರೆ ಮಿಂಚುತ್ತದೋ ಅಲ್ಲಿ ಮೊಂಡು. 1 ಮಿ.ಮೀ. ಹಲ್ಲು ಬಿದ್ದಿದ್ದರೆ ಅದಕ್ಕಾಗಿ ಇಡೀ ಬಾಯನ್ನು ತಗ್ಗಿಸಬೇಡಿ, ನಾಲ್ಕೈದು ಮಸೆತದಲ್ಲಿ ತಾನೇ ಹೋಗುತ್ತದೆ.

ಗ್ರೈಂಡರ್‌ಗೆ ಮಾತ್ರ ಕೊಡಬೇಡಿ. ತೆಳು ಅಂಚು ಕ್ಷಣದಲ್ಲಿ ಕಾಯುತ್ತದೆ. ನೀಲಿ ಬಣ್ಣ ಕಂಡರೆ ಸುಮಾರು 300 ಡಿಗ್ರಿ ಮುಟ್ಟಿದೆ ಎಂದರ್ಥ, ಅದೂ ದಾಟಿ ಬೂದು ಬಣ್ಣಕ್ಕೆ ತಿರುಗಿದರೆ ಕುಲುಮೆಯ ಹದ ಅಲ್ಲಿಗೆ ಮುಗಿಯಿತು. ಬಣ್ಣವನ್ನು ಉಜ್ಜಿ ಅಳಿಸಿದರೆ ಗಡಸು ಮರಳುವುದಿಲ್ಲ. ಸುಟ್ಟ ಅಂಚು ಪೂರ್ತಿ ಹೋಗುವವರೆಗೆ ಅರದಲ್ಲಿ ತೆಗೆಯಬೇಕು.

ಬಳಸುವಾಗ ಎರಡು ಎಚ್ಚರ. ಲಂಟಾನ, ಬಿದಿರನ್ನು ಓರೆಯಾಗಿ ಕಡಿದು ಬಿಟ್ಟ ಬುಡ ಈಟಿಯಾಗುತ್ತದೆ, ನೆಲಮಟ್ಟಕ್ಕೆ ಸವರಿ. ಹೊಳೆಗೇರು ಮರದ ಸೊನೆ ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ, ಅಲಗಿಗೆ ಅಂಟಿದ ಸೊನೆಯೂ ಅಷ್ಟೇ. ಮಸೆಯುವ ಮೊದಲು ಎಣ್ಣೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನು ಎಸೆದುಬಿಡಿ.

ಕುದುರೆಮುಖ, ಪುಷ್ಪಗಿರಿಯಂಥ ಕಡೆ ಚಾರಣಕ್ಕೆ ಹೋಗುವವರ ಚೀಲದಲ್ಲಿ ಕತ್ತಿಗೆ ಜಾಗವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಚಾಕು, ಕತ್ತಿಯೂ ಆಯುಧವೇ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಕ್ಕೆ ಲಿಖಿತ ಅನುಮತಿಯಿಲ್ಲದೆ ಒಯ್ಯುವಂತಿಲ್ಲ.

ಮಳೆಗಾಲದಲ್ಲಿ ಒಂದೇ ರಾತ್ರಿಗೆ ತುಕ್ಕು ಹಿಡಿಯುತ್ತದೆ. ಸಂಜೆ ತೊಳೆದು, ಒರೆಸಿ, ಒಲೆಯ ಬಿಸಿಗೆ ಒಣಗಿಸಿ, ತೆಂಗಿನೆಣ್ಣೆ ಸವರಿ. ಒದ್ದೆ ಚರ್ಮದ ಚೀಲದಲ್ಲಿ ಇಡಬೇಡಿ. ಹಿಡಿ ಸಡಿಲವಾದರೆ ನೀರಿನಲ್ಲಿ ನೆನೆಸುವ ರೂಢಿಯಿದೆ; ಮರ ಉಬ್ಬಿ ಬಿಗಿಯಾದಂತೆ ಕಾಣುತ್ತದೆ, ಒಣಗಿದ ಮೇಲೆ ಮೊದಲಿಗಿಂತ ಸಡಿಲ. ಹಿಡಿ ಬಿಚ್ಚಿ, ಬಾಲದ ತುಕ್ಕು ಕೆರೆದು, ತೂತಿಗೆ ಅರಗು ಮತ್ತು ಇಟ್ಟಿಗೆ ಪುಡಿ ತುಂಬಿ, ಬಾಲವನ್ನಷ್ಟೇ ಕಾಯಿಸಿ ಇಳಿಸಿ. ಬಾಯಿಗೆ ಶಾಖ ಹತ್ತದಂತೆ ಅಲಗಿಗೆ ಒದ್ದೆ ಗೋಣಿ ಸುತ್ತಿರಬೇಕು.